ಮೊಬೈಲ್ ಕಿತ್ತುಕೊಂಡರೆ ಕಾಟ ನಿಲ್ಲುತ್ತದೆಯೇ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಂಚಿಕೆಗೆ ಆರಿಸಿಕೊಂಡ ಪತ್ರಗಳೆಲ್ಲ ಹಾಸನ ಜಿಲ್ಲೆಯವು. ಎಲ್ಲವೂ ಆನ್‌ಲೈನ್ ಕಿರುಕುಳದ ಕುರಿತವು. ಬರೆದವರ ಹೆಸರು ಬಿಟ್ಟು ತಾಲ್ಲೂಕನ್ನಷ್ಟೇ ಉಳಿಸಿಕೊಂಡಿದ್ದೇವೆ. ಉತ್ತರ ಕೊಟ್ಟಿರುವವರು ಸೈಬರ್ ಪ್ರಕರಣ ನಡೆಸುವ ಒಬ್ಬ ವಕೀಲರು ಮತ್ತು ಒಬ್ಬ ಮಕ್ಕಳ ಮನೋವೈದ್ಯರು.

ಮಗಳು ಒಂಬತ್ತನೇ ತರಗತಿ. ಸ್ಕೂಲ್ ಡೇ ಫೋಟೊ ತೆಗೆದುಕೊಂಡು ಯಾರೋ ಇನ್‌ಸ್ಟಾಗ್ರಾಂನಲ್ಲಿ ಅವಳದೇ ಹೆಸರಿನ ಖಾತೆ ತೆರೆದಿದ್ದಾರೆ. ಅವಳ ಬಣ್ಣ, ಹಲ್ಲು ಆಡಿಕೊಂಡು ಪೋಸ್ಟ್ ಹಾಕುತ್ತಾರೆ. ಕ್ಲಾಸಿನವರೆಲ್ಲ ಫಾಲೊ ಮಾಡುತ್ತಿದ್ದಾರೆ. ಎರಡು ವಾರದಿಂದ ಬೆಳಿಗ್ಗೆ ಎದ್ದರೆ ಹೊಟ್ಟೆನೋವು ಅನ್ನುತ್ತಾಳೆ. ಅವರಪ್ಪ ಸಿಟ್ಟಿಗೆ ಫೋನ್ ಕಿತ್ತು ಬೀರುವಿನಲ್ಲಿಟ್ಟಿದ್ದಾರೆ. ಮುಂದೇನು ಮಾಡಲಿ? – ಒಬ್ಬ ತಾಯಿ, ಆಲೂರು

ಮೊದಲು ಬೀರುವಿನಿಂದ ಫೋನ್ ತೆಗೆಯಿರಿ. ಅವರಪ್ಪನ ಸಿಟ್ಟು ನಮಗೆ ಅರ್ಥವಾಗುತ್ತದೆ, ಆದರೆ ಫೋನ್ ಕಿತ್ತುಕೊಂಡರೆ ಕಷ್ಟ ಹೇಳಿಕೊಂಡವಳಿಗೇ ಶಿಕ್ಷೆ ಕೊಟ್ಟ ಹಾಗೆ. ಮಕ್ಕಳು ಇಂಥದ್ದನ್ನು ಮನೆಯಲ್ಲಿ ಮುಚ್ಚಿಡುವುದಕ್ಕೆ ದೊಡ್ಡ ಕಾರಣವೇ ‘ಹೇಳಿದರೆ ಫೋನ್ ಹೋಗುತ್ತದೆ’ ಎಂಬ ಭಯ. ಆ ಖಾತೆ ಹೇಗೂ ನಡೆಯುತ್ತಲೇ ಇದೆ. ಊರೆಲ್ಲ ನೋಡುತ್ತಿದೆ, ಅವಳೊಬ್ಬಳಿಗೆ ಕಾಣುತ್ತಿಲ್ಲ ಅಷ್ಟೆ. ಇವತ್ತು ಏನು ಹಾಕಿರಬಹುದು ಎಂದು ಊಹಿಸುತ್ತ ಕೂರುವುದು ನೋಡುವುದಕ್ಕಿಂತ ಕೆಟ್ಟದ್ದು.

ಹೊಟ್ಟೆನೋವನ್ನು ನಾಟಕ ಅನ್ನಬೇಡಿ. ಹೆದರಿದ ಮಗುವಿಗೆ ನಿಜವಾಗಿಯೂ ಹೊಟ್ಟೆ ನೋಯುತ್ತದೆ, ತಲೆ ಸಿಡಿಯುತ್ತದೆ. ಸ್ಕೂಲಿರುವ ದಿನ ಬೆಳಿಗ್ಗೆ ಬಂದು ಭಾನುವಾರ ಇರುವುದಿಲ್ಲ ಎಂಬುದೇ ಅದರ ಗುರುತು. ಆಟದ ಮೈದಾನದ ಜಗಳವಾದರೆ ಗಂಟೆ ಹೊಡೆದ ಮೇಲೆ ಮನೆಯಲ್ಲಿ ಬಿಡುವಿರುತ್ತದೆ. ಇದರಲ್ಲಿ ಆ ಬಿಡುವಿಲ್ಲ. ರಾತ್ರಿ ಹನ್ನೊಂದಕ್ಕೂ ಹೊಸ ಕಾಮೆಂಟ್ ಬರುತ್ತದೆ, ಹಳೆಯದನ್ನು ಯಾರೋ ಮತ್ತೆ ಶೇರ್ ಮಾಡುತ್ತಾರೆ. ಹಾಗಾಗಿ ಮೊದಲು ಕೆಡುವುದು ನಿದ್ದೆ, ಆಮೇಲೆ ಊಟ, ಆಮೇಲೆ ಓದು. ‘ಎಲ್ಲರೂ ನೋಡಿದ್ದಾರೆ’ ಎಂಬ ಭಾವನೆ ಬೈಗುಳಕ್ಕಿಂತ ಆಳಕ್ಕೆ ಇಳಿಯುತ್ತದೆ. ಅವಳಿಗೆ ಹೇಳಬೇಕಾದ ಮೊದಲ ಮಾತು ಇಷ್ಟೆ: ‘ನಿನ್ನ ತಪ್ಪಿಲ್ಲ, ಫೋನ್ ಕಿತ್ತುಕೊಳ್ಳಲ್ಲ, ಏನು ಮಾಡಬೇಕು ಅಂತ ಇಬ್ಬರೂ ಕೂತು ನೋಡೋಣ.’

ಇವತ್ತು ರಾತ್ರಿಯೇ ಮಾಡಬೇಕಾದ್ದು ಸಾಕ್ಷಿ ಸಂಗ್ರಹ. ರಿಪೋರ್ಟ್ ಒತ್ತುವುದು ಅದಾದ ಮೇಲೆ. ಬಹಳ ಮನೆಗಳಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ನೆಂಟರಿಷ್ಟರೆಲ್ಲ ಸೇರಿ ರಿಪೋರ್ಟ್ ಹೊಡೆದು ಖಾತೆ ಇಳಿಸಿಬಿಡುತ್ತಾರೆ, ಆಮೇಲೆ ಶಾಲೆಗಾಗಲಿ ಪೊಲೀಸರಿಗಾಗಲಿ ತೋರಿಸಲು ಏನೂ ಉಳಿಯುವುದಿಲ್ಲ. ಆ ಖಾತೆಗೆ ‘ಪೊಲೀಸ್‌ಗೆ ಕೊಡ್ತೀವಿ’ ಎಂದು ಮೆಸೇಜ್ ಮಾಡಿದರೂ ಅದೇ ಗತಿ. ಹತ್ತು ನಿಮಿಷದಲ್ಲಿ ಹೆಸರು ಬದಲಾಗಿರುತ್ತದೆ.

ಮೊದಲು ಪ್ರೊಫೈಲ್ ಪುಟ ತೆರೆದು ಯೂಸರ್‌ನೇಮ್ ಕಾಣುವಂತೆ ಪೂರ್ತಿ ಪರದೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ಕತ್ತರಿಸಬೇಡಿ, ಕೆಂಪು ವೃತ್ತ ಬರೆಯಬೇಡಿ. ಮೇಲಿನ ಮೂರು ಚುಕ್ಕಿ ಒತ್ತಿದರೆ ಪ್ರೊಫೈಲ್ ಲಿಂಕ್ ಕಾಪಿ ಮಾಡುವ ಆಯ್ಕೆ ಇರುತ್ತದೆ. ಆ ಲಿಂಕನ್ನೂ ಒಂದೊಂದು ಪೋಸ್ಟಿನ ಲಿಂಕನ್ನೂ ಕಾಪಿ ಮಾಡಿ ಒಂದು ಕಡೆ ಇಟ್ಟುಕೊಳ್ಳಿ. ‘ಈ ಖಾತೆಯ ಬಗ್ಗೆ’ ಎಂಬ ಆಯ್ಕೆ ಕಂಡರೆ ಅದನ್ನೂ ತೆರೆಯಿರಿ, ಖಾತೆ ಯಾವ ತಿಂಗಳಲ್ಲಿ ಶುರುವಾಯಿತು ಎಂಬುದು ಅಲ್ಲಿರುತ್ತದೆ. ಇನ್‌ಸ್ಟಾಗ್ರಾಂ ‘3 ದಿನ’, ‘2 ವಾರ’ ಎಂದೇ ಬಹಳ ಕಡೆ ತೋರಿಸುತ್ತದೆ, ನೇರ ತಾರೀಖು ಎಲ್ಲ ಕಡೆ ಇರುವುದಿಲ್ಲ, ಆದ್ದರಿಂದ ನೀವು ನೋಡಿದ ತಾರೀಖು, ಸಮಯ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೊನೆಗೆ ಪ್ರೊಫೈಲಿನಿಂದ ಶುರುಮಾಡಿ ಪೋಸ್ಟು, ಕಾಮೆಂಟುಗಳವರೆಗೆ ನಿಧಾನ ಸ್ಕ್ರಾಲ್ ಮಾಡುತ್ತ ಒಂದು ಸ್ಕ್ರೀನ್ ರೆಕಾರ್ಡಿಂಗ್.

ವಾಟ್ಸ್ಆ್ಯಪ್‌ನಲ್ಲೂ ಬಂದಿದ್ದರೆ ಇನ್ನೊಂದು ಸಂಗತಿ. ಕಳಿಸಿದವರ ನಂಬರ್ ಸೇವ್ ಆಗಿದ್ದರೆ ಸ್ಕ್ರೀನ್‌ಶಾಟಿನಲ್ಲಿ ಬರುವುದು ನೀವು ಇಟ್ಟ ಹೆಸರು ಮಾತ್ರ. ಹೆಸರಿನ ಮೇಲೆ ಒತ್ತಿ ನಂಬರ್ ಕಾಣುವ ಪುಟವನ್ನೂ ತೆಗೆದುಕೊಳ್ಳಬೇಕು. ಚಾಟ್ ಎಕ್ಸ್‌ಪೋರ್ಟ್ ಮಾಡಿದರೆ ಪ್ರತಿ ಮೆಸೇಜಿನ ಪಕ್ಕ ತಾರೀಖು, ಗಂಟೆ ಬರುತ್ತದೆ. ಇದನ್ನೆಲ್ಲ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಥರ ಇನ್ನೊಬ್ಬರಿಗೆ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ, ಒಳಗಿನ ಮಾಹಿತಿ ಅಳಿಯುತ್ತದೆ. ಪೆನ್‌ಡ್ರೈವ್‌ಗೆ ಹಾಕಿ. ಮೂಲ ಫೋನನ್ನು ಫಾರ್ಮ್ಯಾಟ್ ಮಾಡಬೇಡಿ, ಮಾರಬೇಡಿ. ಪ್ರಕರಣವಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರದ ಜೊತೆಗೇ ಈ ದಾಖಲೆ ಕೋರ್ಟಿಗೆ ಹೋಗಬೇಕು.

ಈಗ ರಿಪೋರ್ಟ್. ‘ಬೇರೆಯವರಂತೆ ನಟಿಸುತ್ತಿದ್ದಾರೆ’ ಎಂಬ ಆಯ್ಕೆಯಲ್ಲೇ ಹೋಗಿ. ನೂರು ಜನ ‘ಇಷ್ಟವಿಲ್ಲ’ ಅಂತ ಒತ್ತುವುದಕ್ಕಿಂತ ಸರಿಯಾದ ಕಾರಣ ಕೊಟ್ಟ ಒಂದು ದೂರು ಮೇಲು. ನಕಲಿ ಖಾತೆಯ ದೂರು ಬಂದರೆ ಕಂಪನಿಗಳು 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕೆಂದು 2021ರ ಮಾಹಿತಿ ತಂತ್ರಜ್ಞಾನ (ಐಟಿ) ನಿಯಮಗಳು ಹೇಳಿದ್ದವು, 2026ರ ತಿದ್ದುಪಡಿ ಆ ಗಡುವನ್ನು 2 ಗಂಟೆಗೆ ಇಳಿಸಿದೆ. ಕಂಪನಿಯ ಕುಂದುಕೊರತೆ ಅಧಿಕಾರಿ ಕೊಟ್ಟ ಉತ್ತರ ಸರಿಯಿಲ್ಲ ಅನ್ನಿಸಿದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನಲ್ಲೇ ಹೋಗಬಹುದು.

ಶಾಲೆಗೆ ಬಾಯಿಮಾತಿನಲ್ಲಿ ಹೇಳಬೇಡಿ. ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಪ್ರಾರ್ಥನೆ ಹೊತ್ತಿನಲ್ಲಿ ಅವಳ ಹೆಸರೆತ್ತಿ ಬುದ್ಧಿ ಹೇಳಬಾರದು ಎಂದು ಅದರಲ್ಲೇ ಬರೆಯಿರಿ. ಯಾರು ಮಾಡಿದ್ದು ಅಂತ ಅನುಮಾನವಿದ್ದರೂ ಆ ಮನೆಗೆ ನೇರ ಹೋಗಬೇಡಿ. ನಮ್ಮೂರುಗಳಲ್ಲಿ ಅದು ಮಕ್ಕಳ ವಿಷಯವಾಗಿ ಉಳಿಯುವುದಿಲ್ಲ, ಜಾತಿ, ಜಮೀನು, ಹಳೇ ಚುನಾವಣೆ ಎಲ್ಲ ಎದ್ದು ಬರುತ್ತದೆ.

ಪೊಲೀಸ್ ದೂರು ಕೊಡಬಹುದು. ಹಾಸನದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯೇ ಇಂಥದ್ದಕ್ಕಿರುವುದು. ಐಟಿ ಕಾಯ್ದೆಯ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ, ಹಾಗಾಗಿ ಸ್ಥಳೀಯ ಠಾಣೆಯವರು ಅಲ್ಲಿಗೆ ಹೋಗಿ ಅನ್ನುವುದುಂಟು. ಆದರೆ ವ್ಯಾಪ್ತಿ ನೆಪದಲ್ಲಿ ದೂರು ತೆಗೆದುಕೊಳ್ಳುವುದಿಲ್ಲ ಅನ್ನುವಂತಿಲ್ಲ. ನಕಲಿ ಖಾತೆಗೆ ಸಾಮಾನ್ಯವಾಗಿ ಹಾಕುವುದು 66ಸಿ, 66ಡಿ ಕಲಂಗಳು: 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಮನೆಯಿಂದಲೇ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ‘ಮಹಿಳೆ ಮತ್ತು ಮಕ್ಕಳು’ ವಿಭಾಗದಲ್ಲಿ ದಾಖಲಿಸಬಹುದು. 1930 ಮುಖ್ಯವಾಗಿ ಹಣ ಕಳೆದುಕೊಂಡವರ ನಂಬರ್, ನಿಮಗಲ್ಲ. ತಡಮಾಡಬೇಡಿ: ತೆಗೆದುಹಾಕಿದ ಪೋಸ್ಟು, ಮುಚ್ಚಿದ ಖಾತೆಯ ಮಾಹಿತಿಯನ್ನು ಕಂಪನಿ ಉಳಿಸಿಕೊಳ್ಳಬೇಕೆಂದು ನಿಯಮ ಹೇಳುವುದು 180 ದಿನ.

ಈ ನಡುವೆ ಅವಳು ಊಟ ಬಿಟ್ಟರೆ, ಕೈ ಕುಯ್ದುಕೊಂಡರೆ, ‘ನಾನಿಲ್ಲದಿದ್ರೆ ಚೆನ್ನಾಗಿತ್ತು’ ಅಂದರೆ ದೂರಿನ ಕೆಲಸ ಪಕ್ಕಕ್ಕಿಟ್ಟು ಅದೇ ದಿನ ಡಾಕ್ಟರ್ ಹತ್ತಿರ ಹೋಗಿ, ಅವಳನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೂ ಮನೋವೈದ್ಯರು ಬರುತ್ತಾರೆ, ಯಾವ ದಿನ ಎಂದು ಕೇಳಿಕೊಂಡು ಹೋಗಿ.

ನಾನು ಸೆಕೆಂಡ್ ಪಿಯು, ಹಾಸ್ಟೆಲ್‌ನಲ್ಲಿದ್ದೇನೆ. ನನಗೆ ಸ್ವಲ್ಪ ಉಗ್ಗು. ನಾನು ಮಾತಾಡಿದ್ದನ್ನು ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕುತ್ತಾರೆ, ನನ್ನ ಮುಖದ ಸ್ಟಿಕ್ಕರ್ ಮಾಡಿದ್ದಾರೆ. ಗ್ರೂಪ್ ಬಿಟ್ಟರೆ ಇನ್ನೊಂದು ಗ್ರೂಪ್ ಮಾಡಿ ಸೇರಿಸುತ್ತಾರೆ. ಕೇಳಿದರೆ ‘ತಮಾಷೆಗೆ ಕಣೋ’ ಅಂತಾರೆ. ನಾನೇ ಜಾಸ್ತಿ ತಲೆಕೆಡಿಸಿಕೊಳ್ಳುತ್ತಿದ್ದೇನಾ? – ವಿದ್ಯಾರ್ಥಿ, ಚನ್ನರಾಯಪಟ್ಟಣ

ಇಲ್ಲಪ್ಪ. ನಾರ್ವೆಯಲ್ಲಿ ಇದನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಡಾನ್ ಓಲ್ವಿಯಸ್ ಮೂರು ಗುರುತು ಕೊಟ್ಟಿದ್ದರು: ಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಒಂದು ಕಡೆಗೇ ಬಲ ಹೆಚ್ಚಿರುವುದು. ನಿನ್ನ ಪತ್ರದಲ್ಲಿ ಮೂರೂ ಇವೆ. ತಮಾಷೆಯಾದರೆ ನೀನು ‘ಸಾಕು’ ಅಂದ ದಿನ ನಿಲ್ಲಬೇಕಿತ್ತು.

ಅವರು ಯಾಕೆ ಹೀಗೆ ಮಾಡುತ್ತಾರೆ ಎಂಬುದು ತಿಳಿದರೆ ಏನು ಮಾಡಬೇಕೆಂಬುದೂ ಹೊಳೆಯುತ್ತದೆ. ಎದುರಿಗಿದ್ದಾಗ ನಿನ್ನ ಮುಖ ಬಾಡಿದ್ದು ಕಂಡರೆ ಅರ್ಧ ಜನ ಅಲ್ಲಿಗೇ ನಿಲ್ಲಿಸುತ್ತಾರೆ, ಪರದೆಯ ಮೇಲೆ ಆ ಮುಖ ಕಾಣುವುದಿಲ್ಲ. ನೇರ ಹೇಳಲಾಗದ್ದನ್ನು ಪರದೆಯ ಹಿಂದೆ ಕೂತು ಸಲೀಸಾಗಿ ಹೇಳುವ ಈ ಚಾಳಿಯನ್ನು ಮನಶ್ಶಾಸ್ತ್ರಜ್ಞ ಜಾನ್ ಸೂಲರ್ 2004ರಲ್ಲೇ ವಿವರಿಸಿದ್ದರು. ಅದರ ಮೇಲೆ ಗ್ರೂಪಿನ ಲೆಕ್ಕ ಬೇರೆ. ಸ್ಟಿಕ್ಕರ್ ಹಾಕಿದವನಿಗೆ ಹತ್ತು ನಗುವ ಇಮೋಜಿ ಸಿಗುತ್ತದೆ, ಸುಮ್ಮನಿದ್ದವರನ್ನೂ ಅವನು ತನ್ನ ಕಡೆಯವರೆಂದೇ ಎಣಿಸುತ್ತಾನೆ. ಆ ಸುಮ್ಮನಿದ್ದವರಲ್ಲಿ ಕೆಲವರಿಗೆ ಇದು ಇಷ್ಟವಿಲ್ಲ, ಮುಂದಿನ ಸರದಿ ತಮ್ಮದಾದೀತೆಂಬ ಹೆದರಿಕೆ ಅಷ್ಟೆ. ಅಂಥ ಒಬ್ಬನನ್ನು ಹುಡುಕು. ಗ್ರೂಪಿನಲ್ಲಿ ಅವನು ‘ಬಿಡ್ರೋ ಸಾಕು’ ಎಂದು ಒಂದು ಸಾಲು ಹಾಕಿದರೆ ನೀನು ಬರೆಯುವ ಉದ್ದದ ಉತ್ತರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ನೀನು ಮಾತ್ರ ಅಲ್ಲಿ ಉತ್ತರ ಕೊಡಬೇಡ, ಅವರಿಗೆ ಬೇಕಿರುವುದೇ ಅದು.

ವಾಟ್ಸ್ಆ್ಯಪ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ, ಗ್ರೂಪ್ಸ್‌ಗೆ ಹೋಗಿ ‘ಮೈ ಕಾಂಟ್ಯಾಕ್ಟ್ಸ್ ಎಕ್ಸೆಪ್ಟ್’ ಆರಿಸು, ಕಾಟ ಕೊಡುವವರ ಹೆಸರು ಟಿಕ್ ಮಾಡು. ಬರೀ ‘ಮೈ ಕಾಂಟ್ಯಾಕ್ಟ್ಸ್’ ಇಟ್ಟರೆ ಪ್ರಯೋಜನವಿಲ್ಲ, ರೂಮ್‌ಮೇಟ್ ನಂಬರ್ ನಿನ್ನ ಫೋನಲ್ಲಿ ಇದ್ದೇ ಇರುತ್ತದಲ್ಲ. ಇನ್ನು ಮೇಲೆ ಅವರು ಸೇರಿಸಲು ಹೋದರೆ ನಿನಗೆ ಆಹ್ವಾನ ಮಾತ್ರ ಬರುತ್ತದೆ. ಡಿಪಿ, ಸ್ಟೇಟಸ್‌ಗೂ ಅದೇ ಥರ ಮಾಡು, ಸ್ಟಿಕ್ಕರ್‌ಗೆ ಕಚ್ಚಾವಸ್ತು ಅಲ್ಲಿಂದಲೇ ಹೋಗುವುದು. ಗ್ರೂಪ್ ಬಿಟ್ಟರೆ ಸೂಚನೆ ಹೋಗುವುದು ಅಡ್ಮಿನ್‌ಗಳಿಗೆ ಮಾತ್ರ. ಬಿಡುವ ಮೊದಲು ಚಾಟ್ ಎಕ್ಸ್‌ಪೋರ್ಟ್ ಮಾಡಿಕೊ. ಇನ್‌ಸ್ಟಾಗ್ರಾಂನಲ್ಲಿ ಬ್ಲಾಕ್‌ಗಿಂತ ‘ರಿಸ್ಟ್ರಿಕ್ಟ್’ ಒಳ್ಳೆಯದು. ಬ್ಲಾಕ್ ಮಾಡಿದರೆ ತಕ್ಷಣ ಗೊತ್ತಾಗಿ ರೂಮಿನಲ್ಲಿ ರೇಗಿಸುತ್ತಾರೆ, ರಿಸ್ಟ್ರಿಕ್ಟ್ ಮಾಡಿದರೆ ನಿನ್ನ ಪೋಸ್ಟಿಗೆ ಅವರು ಹಾಕಿದ ಕಾಮೆಂಟ್ ಅವರಿಗೆ ಮಾತ್ರ ಕಾಣುತ್ತದೆ, ಅವರಿಗದು ಗೊತ್ತೂ ಆಗುವುದಿಲ್ಲ.

ಆದರೆ ಒಂದೇ ಛಾವಣಿಯಡಿ ಇರುವವರ ಕಾಟ ಸೆಟ್ಟಿಂಗ್ಸ್‌ನಿಂದ ಪೂರ್ತಿ ನಿಲ್ಲುವುದಿಲ್ಲ. ವಾರ್ಡನ್‌ಗೂ ಪ್ರಿನ್ಸಿಪಾಲರಿಗೂ ಲಿಖಿತ ದೂರು ಕೊಡು. ಯಾರಿಗೂ ಹೇಳಲು ಧೈರ್ಯ ಬರದಿದ್ದರೆ 1098ಕ್ಕೆ ಫೋನ್ ಮಾಡು, ಅದು 18ರೊಳಗಿನವರ ಸಹಾಯವಾಣಿ, ದುಡ್ಡಿಲ್ಲ.

ಸ್ಕೂಲಿನಿಂದ ಕರೆ ಬಂತು. ಸಹಪಾಠಿಯ ಮೇಲೆ ಕೆಟ್ಟ ಮೀಮ್ ಮಾಡಿ ಹಂಚಿದ್ದು ನಮ್ಮ ಹುಡುಗನೇ ಅಂತೆ. ಹತ್ತನೇ ತರಗತಿ, ವಯಸ್ಸು 15. ಕೇಸಾದರೆ ಜೈಲಾ? ಫೋನಲ್ಲಿರುವುದನ್ನೆಲ್ಲ ಅಳಿಸಿಬಿಡಲೇ? – ತಂದೆ, ಅರಸೀಕೆರೆ

ಅಳಿಸಬೇಡಿ. ಮೀಮಿಗಿಂತ ಸಾಕ್ಷಿ ನಾಶವೇ ದೊಡ್ಡ ತಲೆನೋವಾದೀತು, ಮತ್ತು ಆ ತಪ್ಪು ಹುಡುಗನದಲ್ಲ, ನಿಮ್ಮದಾಗುತ್ತದೆ. ಸಿಮ್ ನಿಮ್ಮ ಹೆಸರಲ್ಲಿದ್ದರೆ ಪೊಲೀಸರು ಮೊದಲು ಬರುವುದೂ ನಿಮ್ಮ ಬಳಿಗೇ.

18ರೊಳಗಿನವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಬೇಡಿ ತೊಡಿಸುವಂತಿಲ್ಲ. 3 ವರ್ಷದವರೆಗಿನ ಶಿಕ್ಷೆಯ ಅಪರಾಧ 2015ರ ಬಾಲನ್ಯಾಯ ಕಾಯ್ದೆಯ ಲೆಕ್ಕದಲ್ಲಿ ಸಣ್ಣ ಅಪರಾಧ. ಘೋರ ಅಪರಾಧವಲ್ಲದಿದ್ದರೆ, ಜೊತೆಗೆ ದೊಡ್ಡವರೂ ಸೇರಿರದಿದ್ದರೆ, ಎಫ್ಐಆರ್ ಬದಲು ಠಾಣೆಯ ದಿನಚರಿಯಲ್ಲಿ ಬರೆದು, ಹುಡುಗನ ಮನೆ ಹಿನ್ನೆಲೆಯ ವರದಿಯೊಂದಿಗೆ ಬಾಲನ್ಯಾಯ ಮಂಡಳಿಗೆ ಕಳಿಸುತ್ತಾರೆ. ಮಂಡಳಿ ಬುದ್ಧಿಮಾತು, ಆಪ್ತಸಮಾಲೋಚನೆ, ಸಮುದಾಯ ಸೇವೆ ಇಂಥವನ್ನು ವಿಧಿಸಬಹುದು. ಮೀಮ್ ಅಶ್ಲೀಲವಾಗಿದ್ದರೆ ಮಾತ್ರ ಲೆಕ್ಕ ಬೇರೆ. ಮಕ್ಕಳ ಅಶ್ಲೀಲ ಚಿತ್ರಕ್ಕೆ ಐಟಿ ಕಾಯ್ದೆಯ 67ಬಿ ಕಲಂ ಇದೆ, ಮೊದಲ ಸಲವೇ 5 ವರ್ಷದವರೆಗೆ ಜೈಲು. ಆಗ ಇವತ್ತೇ ವಕೀಲರನ್ನು ನೋಡಿ.

ಅವನನ್ನು ಹೊಡೆದರೆ ಅವನು ಕಲಿಯುವುದು ಒಂದೇ, ಮುಂದಿನ ಸಲ ಸಿಕ್ಕಿಬೀಳಬಾರದು ಎಂಬುದು. ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ. ಯಾರ ಜೊತೆ ಸೇರಿ ಮಾಡಿದೆ? ಎಲ್ಲೆಲ್ಲಿ ಹಾಕಿದೆ? ಇದಕ್ಕೆ ಮುಂಚೆ ನಿನಗೆ ಯಾರಾದರೂ ಹೀಗೆ ಮಾಡಿದ್ದರಾ? ಮೂರನೆಯದಕ್ಕೆ ಕಣ್ಣು ತುಂಬಿಬಂದರೆ ಆಶ್ಚರ್ಯವಿಲ್ಲ. ಕಾಟ ತಿಂದು ಕಾಟ ಕೊಡುವ ಮಕ್ಕಳು ಇದ್ದಾರೆ, ಮನಸ್ಸಿನ ತೊಂದರೆ ಹೆಚ್ಚಾಗಿ ಕಾಣುವುದೂ ಅವರಲ್ಲೇ. ಎಲ್ಲೆಲ್ಲಿ ಹಾಕಿದ ಎಂಬ ಪಟ್ಟಿಯನ್ನು ಅವನ ಕೈಯಲ್ಲೇ ಬರೆಸಿ ಶಾಲೆಗೆ ಕೊಡಿ. ಅವರು ಪ್ರತಿ ತೆಗೆದುಕೊಂಡ ಮೇಲೆ ಅವನೇ ಒಂದೊಂದಾಗಿ ಅಳಿಸಲಿ, ಪಡೆದವರಿಗೂ ಅಳಿಸಿ ಎಂದು ಹೇಳಲಿ. ಕ್ಷಮೆ ಕೇಳಿದ ವಿಡಿಯೊ ಮಾಡಿ ಗ್ರೂಪಿಗೆ ಹಾಕಿಸುವ ಕೆಲಸ ಮಾತ್ರ ಬೇಡ, ಅದೇ ಮುಂದಿನ ಮೀಮ್ ಆಗುತ್ತದೆ.

ಹಾಸನದಲ್ಲಿ ಪಿಜಿಯಲ್ಲಿದ್ದು ಕೆಲಸಕ್ಕೆ ಹೋಗುತ್ತೇನೆ, ವಯಸ್ಸು 22. ಹಿಂದೆ ಪ್ರೀತಿಸುತ್ತಿದ್ದ ಹುಡುಗ ನನ್ನ ಖಾಸಗಿ ಫೋಟೊ ಇಟ್ಟುಕೊಂಡು, 20,000 ಕೊಡು, ಇಲ್ಲದಿದ್ದರೆ ನಿಮ್ಮಣ್ಣನಿಗೆ ಕಳಿಸುತ್ತೇನೆ ಅನ್ನುತ್ತಿದ್ದಾನೆ. ಫೋಟೊ ನಾನೇ ಕಳಿಸಿದ್ದು. ಕಾನೂನು ನನ್ನ ಪರ ಇರುತ್ತದೆಯೇ? – ಅರಕಲಗೂಡು

ಇರುತ್ತದೆ. ತೆಗೆಯಲು ಒಪ್ಪಿದ್ದು ಹಂಚಲು ಒಪ್ಪಿದ ಹಾಗಲ್ಲ, ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ವಿವರಣೆಯಲ್ಲೇ ಇದು ಸ್ಪಷ್ಟವಿದೆ. ಹಣ ಕೇಳಿದ್ದಕ್ಕೆ 308, ಬೆದರಿಕೆಗೆ 351, ಬೇಡವೆಂದರೂ ಬೆನ್ನುಹತ್ತಿದ್ದಕ್ಕೆ 78. ಚಿತ್ರ ಹಂಚಿದರೆ ಐಟಿ ಕಾಯ್ದೆಯ 66ಇ, 67ಎ ಕೂಡ ಸೇರುತ್ತವೆ.

ದುಡ್ಡು ಕೊಡಬೇಡಿ. ಕೊಟ್ಟರೂ ಫೋಟೊ ಅವನ ಬಳಿಯೇ ಇರುತ್ತದೆ, ಮುಂದಿನ ತಿಂಗಳು ಮತ್ತೆ ಕೇಳುತ್ತಾನೆ. ಹಣ ಕೇಳಿದ ಮೆಸೇಜು, ಅವನು ಕೊಟ್ಟ ಯುಪಿಐ ನಂಬರ್ ಜೋಪಾನ ಮಾಡಿ. ಸ್ಟಾಪ್ ಎನ್‌ಸಿಐಐ ಎಂಬ ಉಚಿತ ತಾಣವಿದೆ, 18 ದಾಟಿದವರಿಗೆ. ಫೋಟೊವನ್ನು ನಿಮ್ಮ ಫೋನಿನಲ್ಲೇ ಆರಿಸಿದರೆ ಅದು ಬೆರಳಚ್ಚಿನಂಥ ಒಂದು ಸಂಕೇತ ತಯಾರಿಸುತ್ತದೆ. ಸಂಕೇತ ಮಾತ್ರ ಹೊರಗೆ ಹೋಗುತ್ತದೆ, ಫೋಟೊ ಹೋಗುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಸೇರಿಕೊಂಡ ಕಂಪನಿಗಳಲ್ಲಿ ಯಾರಾದರೂ ಆ ಫೋಟೊ ಹಾಕಲು ಹೋದರೆ ತಡೆಯಬಹುದು. ಕೊಡುವ ಕೇಸ್ ನಂಬರು, ಪಿನ್ ಬರೆದಿಡಿ. ಇದಕ್ಕೆ ಮಿತಿಯೂ ಇದೆ: ವಾಟ್ಸ್ಆ್ಯಪ್‌ನಲ್ಲಿ ಒಬ್ಬರಿಂದೊಬ್ಬರಿಗೆ ಹೋಗುವುದನ್ನು ತಡೆಯಲಾರದು, ಫೋಟೊ ಕತ್ತರಿಸಿ ಬದಲಿಸಿದ್ದರೆ ಸಂಕೇತ ಹೊಂದದೇ ಹೋಗಬಹುದು. 18ರೊಳಗಿನವರಿಗೆ ‘ಟೇಕ್ ಇಟ್ ಡೌನ್’ ಎಂಬ ಇದೇ ಬಗೆಯ ಸೇವೆ ಇದೆ.

ದೂರನ್ನು ಇಮೇಲಿನಲ್ಲೂ ಕೊಡಬಹುದು, 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ನಿಮ್ಮ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಕೇಳಿ ಪಡೆಯಿರಿ. ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲಿನಲ್ಲಿ ಹೆಸರು ಹೇಳದೆ ದೂರು ಕೊಡುವ ದಾರಿಯೂ ಇದೆ, ಆದರೆ ಅದರ ಬೆನ್ನು ಹಿಡಿದು ಹೋಗಲಾಗದು. ನಿಮ್ಮ ಪ್ರಕರಣಕ್ಕೆ ಹೆಸರಿನ ದೂರೇ ಸರಿ. ವಕೀಲರ ಫೀಸಿನ ಚಿಂತೆ ಬೇಡ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ, 15100ಕ್ಕೆ ಕರೆ ಮಾಡಿ.

ಅಣ್ಣನಿಗೋ ಅಮ್ಮನಿಗೋ, ಯಾರು ಮೊದಲು ಬೈದು ಆಮೇಲೆ ಜೊತೆಗೆ ನಿಲ್ಲುತ್ತಾರೋ ಅವರಿಗೆ ನೀವೇ ಮೊದಲು ಹೇಳಿಬಿಡಿ. ಅವನ ಬೆದರಿಕೆಯ ಬಲವೆಲ್ಲ ಅವರಿಗೆ ಗೊತ್ತಿಲ್ಲ ಎಂಬುದರಲ್ಲೇ ಇದೆ.

ನಮ್ಮ ಶಾಲೆಯಲ್ಲಿ ವಿದ್ಯಾರ್ಥಿನಿಯೊಬ್ಬಳ ತಿರುಚಿದ ಬೆತ್ತಲೆ ಚಿತ್ರ ಹರಿದಾಡಿತು. ಮಾಹಿತಿಗೆಂದು ಅದನ್ನು ಸಿಬ್ಬಂದಿ ಗ್ರೂಪಿಗೆ ಹಾಕಿದ್ದಾರೆ. ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸೋಣ ಅನ್ನುತ್ತಿದ್ದಾರೆ. ಸರಿಯೇ? – ಶಿಕ್ಷಕಿ, ಹೊಳೆನರಸೀಪುರ

ಎರಡೂ ತಪ್ಪು, ಮೊದಲನೆಯದು ಅಪರಾಧ ಕೂಡ. ಮಗುವಿನ ಅಂಥ ಚಿತ್ರ ಹಂಚುವವರು ಮೇಷ್ಟ್ರೇ ಆದರೂ 67ಬಿ ಅನ್ವಯಿಸುತ್ತದೆ. ಇನ್ನು ಯಾರೂ ಮುಂದಕ್ಕೆ ಕಳಿಸದಂತೆ, ಡೌನ್‌ಲೋಡ್ ಮಾಡದಂತೆ ತಕ್ಷಣ ತಿಳಿಸಿ. ಲಿಂಕು, ನಂಬರು, ಸಮಯ, ಯಾರು ತೋರಿಸಿದರು ಎಂಬುದನ್ನು ಕಾಗದದ ಮೇಲೆ ಬರೆಯಿರಿ, ಚಿತ್ರದ ಪ್ರತಿ ತೆಗೆಯಬೇಡಿ. ಯಾವ ಫೋನಿನಲ್ಲಿದೆಯೋ ಅದನ್ನು ಹಾಗೇ ಪೊಲೀಸರಿಗೆ ತೋರಿಸಿ, ಸಿಬ್ಬಂದಿ ಗ್ರೂಪಿನದನ್ನು ಅವರು ಹೇಳಿದ ಹಾಗೆ ತೆಗೆಯಿರಿ. ಇದು ಪೋಕ್ಸೊ ವ್ಯಾಪ್ತಿಯ ವಿಷಯ. ಗೊತ್ತಾದ ಮೇಲೆ ತಿಳಿಸದಿದ್ದರೆ 6 ತಿಂಗಳು, ಸಂಸ್ಥೆಯ ಮುಖ್ಯಸ್ಥರಾದರೆ 1 ವರ್ಷದವರೆಗೆ ಶಿಕ್ಷೆಯಿದೆ. ರಾಜಿಗೆ ಜಾಗವೇ ಇಲ್ಲ. ಸಣ್ಣಪುಟ್ಟ ಪ್ರಕರಣದಲ್ಲೂ ಕಾಟ ಕೊಟ್ಟವರ ಎದುರು ಮಗುವನ್ನು ಕೂರಿಸುವ ಪಂಚಾಯ್ತಿ ಕೆಡುಕನ್ನೇ ಮಾಡುತ್ತದೆ. ಆ ಮಗು ಎಲ್ಲದಕ್ಕೂ ತಲೆಯಾಡಿಸಿ ಬರುತ್ತದೆ, ಮರುದಿನದಿಂದ ಶಾಲೆಗೆ ಬರುವುದಿಲ್ಲ.

ನಾವು ಕೆಲವು ಕಾಫಿ ಬೆಳೆಗಾರರ ವಾಟ್ಸ್ಆ್ಯಪ್ ಗ್ರೂಪಿಗೆ ನಾನು ಅಡ್ಮಿನ್. ಒಬ್ಬರು ಇನ್ನೊಬ್ಬರನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ಕೇಸ್ ನನ್ನ ಮೇಲೆ ಬರುತ್ತದಾ? – ಸಕಲೇಶಪುರ

ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ನೀವೂ ಕೈಜೋಡಿಸಿ ಪ್ರೋತ್ಸಾಹಿಸಿದ್ದರೆ ಮಾತು ಬೇರೆ. ಬರೀ ಬೈಗುಳಕ್ಕೆ ಹಿಂದೆ ಹಾಕುತ್ತಿದ್ದ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು, ಈಗ ಮಾನಹಾನಿ ಅನ್ನಿಸಿದವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಜಾತಿ ಹೆಸರೆತ್ತಿ ಬೈದಿದ್ದರೆ, ಕೊಲ್ಲುತ್ತೇನೆ ಎಂದಿದ್ದರೆ ಅದು ಪೊಲೀಸ್ ವಿಷಯ. ಯಾರ ಮೆಸೇಜನ್ನಾದರೂ ಎಲ್ಲರಿಗೂ ಕಾಣದಂತೆ ಅಳಿಸುವ ಅಧಿಕಾರ ನಿಮಗಿದೆ. ಅಳಿಸುವ ಮುಂಚೆ ನಂಬರ್ ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಬೈಸಿಕೊಂಡವರು ನಾಳೆ ಕೇಳಬಹುದು. ಜಗಳ ಜೋರಾದ ರಾತ್ರಿ ‘ಅಡ್ಮಿನ್‌ಗಳು ಮಾತ್ರ ಮೆಸೇಜ್ ಕಳಿಸಬಹುದು’ ಎಂದು ಬದಲಿಸಿ ಮಲಗಿ, ಬೆಳಿಗ್ಗೆ ತೆಗೆಯಿರಿ.